‘ರನ್’ ಎಂದ ಕೂಡಲೇ ಓಡಬೇಕಿಲ್ಲ

ಮಾನ್ಯ ಸಂಪಾದಕರೇ,

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ‘ಸೆಟ್’, ಅದಕ್ಕೆ 430 ಅರ್ಥಗಳಿವೆ ಎಂದು ನಿಮ್ಮ ವಿದ್ಯಾರ್ಥಿ ಪುರವಣಿಯಲ್ಲಿ ಅಚ್ಚಾಗಿದೆ. ಈ ಲೆಕ್ಕ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯದು. ಮೂರನೇ ಆವೃತ್ತಿಗಾಗಿ ಪರಿಷ್ಕರಣೆ ನಡೆಯುತ್ತಾ ಬಂದಂತೆ 2000ದಲ್ಲಿ ‘ಮೇಕ್’, 2007ರಲ್ಲಿ ‘ಪುಟ್’ ಆ ಸ್ಥಾನಕ್ಕೆ ಬಂದವು. 2011ರಲ್ಲಿ ‘ರನ್’ ಎಂಬ ಕ್ರಿಯಾಪದ 645 ಅರ್ಥಗಳೊಂದಿಗೆ ಎಲ್ಲವನ್ನೂ ಹಿಂದಿಕ್ಕಿತು. ಈ ಸಂಖ್ಯೆಯಲ್ಲಿ ಎಂದೋ ಬಳಕೆ ತಪ್ಪಿದ ಅರ್ಥಗಳೂ ಸೇರಿವೆ ಎಂಬುದನ್ನು ಮರೆಯಬಾರದು.

ಅಂಕಿ ತಿದ್ದಿದರೆ ಸಾಕು ಎನ್ನುವಂತಿದ್ದರೆ ಈ ಪತ್ರದ ಅಗತ್ಯವಿರಲಿಲ್ಲ. ಅರ್ಥಗಳ ಪಟ್ಟಿ ಕೊಟ್ಟು, ಬಾಯಿಪಾಠ ಮಾಡಿ ಎಂದು ಮಕ್ಕಳಿಗೆ ಹೇಳಿರುವುದು ಅದಕ್ಕಿಂತ ದೊಡ್ಡ ತಪ್ಪು. ಇಂಥ ಪದಗಳು ಪಟ್ಟಿಯಿಂದ ಯಾರಿಗೂ ಬರುವುದಿಲ್ಲ. ಪಟ್ಟಿ ಉರು ಹೊಡೆದವರು ವಾಕ್ಯ ಎದುರಾದಾಗ ಮೊದಲನೇ ಅರ್ಥವನ್ನೇ ಎತ್ತಿಕೊಳ್ಳುತ್ತಾರೆ. ‘ರನ್ ಫಾರ್ ಪ್ರೆಸಿಡೆಂಟ್’ ಎಂಬುದು ‘ಅಧ್ಯಕ್ಷರಿಗಾಗಿ ಓಡಿದರು’ ಎಂದಾಗುವುದು ಹೀಗೆ. ಅದು ಸ್ಪರ್ಧೆಗೆ ಇಳಿಯುವುದು. ಅಮೆರಿಕದವರು ಇಲ್ಲಿ ‘ರನ್’ ಎಂದರೆ ಬ್ರಿಟಿಷರು ‘ಸ್ಟ್ಯಾಂಡ್’ ಎನ್ನುತ್ತಾರೆ. ಕನ್ನಡದಲ್ಲೂ ಚುನಾವಣೆಗೆ ನಿಲ್ಲುತ್ತಾರೆಯೇ ಹೊರತು ಓಡುವುದಿಲ್ಲ.

ಕನ್ನಡಿಗರಿಗೆ ‘ರನ್’ ಎಡವಟ್ಟು ಮಾಡುವುದಕ್ಕೆ ವ್ಯಾಕರಣದಲ್ಲೇ ಕಾರಣವಿದೆ. ನಮ್ಮಲ್ಲಿ ತಾನೇ ಮಾಡುವುದಕ್ಕೂ ಮತ್ತೊಂದರಿಂದ ಮಾಡಿಸುವುದಕ್ಕೂ ರೂಪ ಬೇರೆ: ಓಡು-ಓಡಿಸು, ಹರಿ-ಹರಿಸು, ನಡೆ-ನಡೆಸು. ಹಳೆಯ ಇಂಗ್ಲಿಷಿನಲ್ಲೂ ಈ ಎರಡಕ್ಕೆ ಬೇರೆ ಬೇರೆ ರೂಪಗಳಿದ್ದವು. ಕಾಲಾಂತರದಲ್ಲಿ ಅವು ಬೆರೆತು ‘ರನ್’ ಒಂದೇ ಉಳಿಯಿತು. ಸೋದರ ಭಾಷೆ ಜರ್ಮನ್‌ನಲ್ಲಿ ಇಂದಿಗೂ ‘ರಿನ್ನೆನ್’ ಎಂದರೆ ಹರಿಯುವುದು, ‘ರೆನ್ನೆನ್’ ಎಂದರೆ ಓಡುವುದು. ಇಂಗ್ಲಿಷಿನಲ್ಲಿ ಆ ಗುರುತು ಅಳಿಸಿಹೋಗಿರುವುದರಿಂದ ಅರ್ಥ ಹಿಡಿಯಲು ಅಕ್ಕಪಕ್ಕದ ಪದಗಳನ್ನೇ ನೋಡಬೇಕು.

ಮೊದಲು ನೋಡಬೇಕಾದ್ದು ಕರ್ಮಪದ ಇದೆಯೇ ಎಂದು. ‘ಶೀ ರನ್ಸ್ ಎ ಸ್ಕೂಲ್’ ಎಂಬಲ್ಲಿ ಶಾಲೆ ಕರ್ಮ, ಹಾಗಾಗಿ ಶಾಲೆ ನಡೆಸುತ್ತಾಳೆ. ಕರ್ಮ ಬದಲಾದರೆ ಕನ್ನಡದ ಕ್ರಿಯಾಪದವೂ ಬದಲಾಗುತ್ತದೆ. ಕಂಪ್ಯೂಟರ್ ಪ್ರೋಗ್ರಾಂ ಆದರೆ ಚಲಾಯಿಸುವುದು, ಸುದ್ದಿಯಾದರೆ ಪ್ರಕಟಿಸುವುದು. ‘ರನ್ ಎ ಫೀವರ್’ ಎಂಬಲ್ಲಿ ವಾಕ್ಯದ ಕಟ್ಟೇ ಬೇರೆ: ಕನ್ನಡದಲ್ಲಿ ಜ್ವರವನ್ನು ಯಾರೂ ಏನೂ ಮಾಡುವುದಿಲ್ಲ, ಅದೇ ಬರುತ್ತದೆ.

ಕರ್ಮ ಇಲ್ಲವೆಂದರೆ ಕರ್ತೃವನ್ನು ಹಿಡಿಯಬೇಕು. ಇಂಗ್ಲಿಷ್ ಒಂದೇ ಪದಕ್ಕೆ ಹೊರಿಸಿದ ಕೆಲಸವನ್ನು ಕನ್ನಡ ಹಲವಕ್ಕೆ ಹಂಚಿರುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ನದಿ ಹರಿಯುತ್ತದೆ, ಮೂಗು ಸೋರುತ್ತದೆ, ಒಗೆದ ಬಟ್ಟೆ ಬಣ್ಣ ಬಿಡುತ್ತದೆ, ರಸ್ತೆ ಕಾಲುವೆಯ ಪಕ್ಕದಲ್ಲೇ ಸಾಗುತ್ತದೆ, ನಾಟಕ ಎರಡು ವರ್ಷ ಪ್ರದರ್ಶನ ಕಾಣುತ್ತದೆ, ಒಪ್ಪಂದ ಮೂರು ವರ್ಷ ಜಾರಿಯಲ್ಲಿರುತ್ತದೆ. ಇಂಗ್ಲಿಷಿಗೆ ಇವೆಲ್ಲ ‘ರನ್’. ಕರ್ತೃವನ್ನು ಕನ್ನಡದಲ್ಲಿ ಮನಸ್ಸಿಗೆ ತಂದುಕೊಂಡರೆ ಅದರ ಜೊತೆಗಾರ ಕ್ರಿಯಾಪದ ತಾನಾಗಿ ನಾಲಿಗೆಗೆ ಬರುತ್ತದೆ. ನಿಘಂಟು ತೆರೆಯುವುದು ಆಮೇಲಿನ ಮಾತು.

ಅತಿ ಹೆಚ್ಚು ತಪ್ಪಾಗುವುದು ‘ರನ್’ ಹಿಂದೆ ಬರುವ ಪುಟ್ಟ ಪದದಿಂದ. ಕ್ರಿಕೆಟ್ ನೋಡುವವರಿಗೆಲ್ಲ ‘ರನ್ ಔಟ್’ ಗೊತ್ತು. ಅದೇ ಧೈರ್ಯದಲ್ಲಿ ‘ವಿ ರ್‍ಯಾನ್ ಔಟ್ ಆಫ್ ಪೇಪರ್’ ಓದಿದರೆ ದಾರಿ ತಪ್ಪುತ್ತದೆ. ಇಲ್ಲಿ ಹೇಳಿರುವುದು ಕಾಗದ ಖಾಲಿಯಾಯಿತು ಎಂದು. ‘ಔಟ್’ ನಂತರ ‘ಆಫ್’ ಬಂದರೆ ಹೆಚ್ಚಾಗಿ ಏನೋ ಮುಗಿದಿದೆ ಎಂದೇ ಅರ್ಥ, ಆದರೆ ‘ರನ್ ಔಟ್ ಆಫ್ ದಿ ರೂಮ್’ ಎಂದಾಗ ಕೋಣೆಯಿಂದ ಹೊರಗೆ ಓಡುವುದೇ ಸರಿ. ಮುಗಿಯಬಲ್ಲ ವಸ್ತುವೋ, ಹೊರಬರಬಲ್ಲ ಜಾಗವೋ ಎಂದು ಕೇಳಿಕೊಂಡರೆ ಗೊಂದಲ ಬಗೆಹರಿಯುತ್ತದೆ. ‘ರನ್ ಡೌನ್’ ಇನ್ನೂ ಕಷ್ಟದ್ದು. ಬ್ಯಾಟರಿ ವಿಷಯದಲ್ಲಿ ಚಾರ್ಜ್ ಇಳಿಯುವುದು, ಸಹೋದ್ಯೋಗಿಯ ವಿಷಯದಲ್ಲಿ ಹೀಗಳೆಯುವುದು, ವಾಹನ ದಾರಿಹೋಕರಿಗೆ ಗುದ್ದಿದರೂ ‘ರನ್ ಡೌನ್’ ಎಂದೇ ಹೇಳುವುದು, ‘ಐ ಫೀಲ್ ರನ್ ಡೌನ್’ ಎಂದರೆ ನಿತ್ರಾಣವಾಗಿದೆ ಎಂದು. ‘ರನ್ ಓವರ್’ ಎಂಬುದು ಅಪಘಾತದ ಸುದ್ದಿಯಲ್ಲಿ ಮೈಮೇಲೆ ಹರಿಯುವುದು. ಸಭೆಯ ವರದಿಯಲ್ಲಿ ನಿಗದಿತ ಸಮಯ ಮೀರುವುದು.

ನಾಮಪದವಾದ ‘ರನ್’ ಪತ್ರಿಕೆಗಳಲ್ಲೇ ಮೇಲಿಂದ ಮೇಲೆ ಕೆಡುತ್ತದೆ. ‘ರನ್ ಆನ್ ಎ ಬ್ಯಾಂಕ್’ ಎಂದರೆ ಬ್ಯಾಂಕ್ ಮುಳುಗೀತೆಂಬ ಭಯಕ್ಕೆ ಠೇವಣಿದಾರರು ಒಟ್ಟಿಗೇ ಹಣ ವಾಪಸ್ ಪಡೆಯಲು ಮುಗಿಬೀಳುವುದು. ಅದನ್ನು ‘ಬ್ಯಾಂಕ್ ಓಟ’ ಎಂದು ಬರೆದರೆ ಓದುಗರಿಗೆ ಸುದ್ದಿಯ ಗಂಭೀರತೆಯೇ ತಲುಪುವುದಿಲ್ಲ. ‘ಪ್ರಿಂಟ್ ರನ್’ ಒಂದು ಬಾರಿಗೆ ಅಚ್ಚು ಹಾಕುವ ಪ್ರತಿಗಳ ಸಂಖ್ಯೆ. ‘ಡ್ರೈ ರನ್’ ಎಂದರೆ ತಾಲೀಮು. ಅದರಲ್ಲಿ ಒಣಗಿದ್ದು ಏನೂ ಇಲ್ಲ.

ಬಹ್ವರ್ಥ ಇಂಗ್ಲಿಷಿಗಷ್ಟೇ ಸೀಮಿತ ಎಂಬ ಭಾವನೆ ಮಕ್ಕಳಲ್ಲಿ ಬೆಳೆಯಬಾರದು. ಗೋಡೆಗೆ ಬಣ್ಣ ಹೊಡೆಯುತ್ತೇವೆ, ಮೊಳೆ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ, ನಾತವೂ ಹೊಡೆಯುತ್ತದೆ. ‘ಹೊಡೆ’ಯ ಅರ್ಥಗಳನ್ನು ಯಾರೂ ಪಟ್ಟಿಯಿಂದ ಕಲಿತವರಲ್ಲ. ಜೊತೆಗಿರುವ ಪದದಿಂದಲೇ ತಿಳಿಯುತ್ತೇವೆ. ‘ರನ್’ಗೂ ಅದೇ ದಾರಿ ತೋರಿಸಿದರೆ ಮಕ್ಕಳ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಪುರವಣಿಯ ಪದ ಅಂಕಣದಲ್ಲಿ ಅರ್ಥದ ಪಟ್ಟಿಯ ಬದಲು ದಿನಕ್ಕೆ ನಾಲ್ಕೇ ವಾಕ್ಯ ಕೊಡಿ: ಕರ್ಮ ಇರುವುದು ಒಂದು, ಇಲ್ಲದ್ದು ಒಂದು, ಹಿಂದೆ ಪುಟ್ಟ ಪದ ಬರುವುದು ಒಂದು, ನಾಮಪದವಾದದ್ದು ಒಂದು. ಪ್ರತಿಯೊಂದರ ಕೆಳಗೆ ಇಡೀ ವಾಕ್ಯದ ಕನ್ನಡ ಇರಲಿ, ಬಿಡಿ ಪದದ್ದು ಬೇಡ. ‘ರನ್’ ಮುಗಿದ ಮೇಲೆ ‘ಸೆಟ್’, ‘ಗೆಟ್’, ‘ಟೇಕ್’, ‘ಪುಟ್’ ಪದಗಳನ್ನೂ ಇದೇ ಬಗೆಯಲ್ಲಿ ಕೊಡಬಹುದು. ‘ಸೆಟ್’ ವಿಷಯದಲ್ಲಿ ಒಂದು ಎಚ್ಚರಿಕೆ: ಇಡು, ಹೊಂದಿಸು ಎನ್ನುವ ಕ್ರಿಯಾಪದ ಹಳೆಯ ಇಂಗ್ಲಿಷಿನದು, ಸಮೂಹ ಎಂಬ ಅರ್ಥದ ನಾಮಪದ ಹಳೆಯ ಫ್ರೆಂಚಿನಿಂದ ಬಂದದ್ದು. ಎರಡನ್ನೂ ಒಂದೇ ದಿನದ ಪಾಠದಲ್ಲಿ ತುರುಕಬೇಡಿ.

ಇಂತಿ,
ಅನುವಾದಕ ಓದುಗರೊಬ್ಬರು