ಕವಿಯ ಹೆಸರು ಮೊದಲು ಹಾಕಿ

ಮಾನ್ಯರೇ,

ನಿಮ್ಮ ಪತ್ರಿಕೆಯಲ್ಲಿ ನಗರದ ಕಾರ್ಯಕ್ರಮಗಳ ಪಟ್ಟಿ ಬರುತ್ತದಲ್ಲ, ನಾನು ಬೆಳಿಗ್ಗೆ ಮೊದಲು ನೋಡುವುದು ಅದನ್ನೇ. ಕವಿಗೋಷ್ಠಿ ಅಂತ ಇದ್ದರೆ ಉದ್ಘಾಟನೆ ಯಾರದು, ಅಧ್ಯಕ್ಷತೆ ಯಾರದು, ಮುಖ್ಯ ಅತಿಥಿಗಳು ಯಾರು ಎಲ್ಲ ಇರುತ್ತದೆ, ಪದ್ಯ ಓದುವವರು ಮಾತ್ರ ಕೊನೆಯ ‘ಮತ್ತಿತರರು’ ಒಳಗೆ ಸೇರಿಹೋಗಿರುತ್ತಾರೆ. ಹೊಸ ಕವಿಗಳನ್ನು ಹುಡುಕಿಕೊಂಡು ಹೋಗುವವರು ಏನು ಮಾಡಬೇಕು?

ಬೆಂಗಳೂರಿನಲ್ಲಿ ಹೊಸ ಪದ್ಯ ಚೆನ್ನಾಗಿ ಕಿವಿಗೆ ಬೀಳುವುದು ಸಣ್ಣ ಜಾಗಗಳಲ್ಲೇ. ದೊಡ್ಡ ಸಮ್ಮೇಳನಗಳಲ್ಲಿ ವೇದಿಕೆ ತುಂಬ ಕವಿಗಳು. ಒಬ್ಬೊಬ್ಬರಿಗೆ ಮೂರ್ನಾಲ್ಕು ನಿಮಿಷ ಸಿಕ್ಕರೆ ಜಾಸ್ತಿ, ಅಷ್ಟರಲ್ಲಿ ನಿರೂಪಕರ ಚೀಟಿ ಬಂದಿರುತ್ತದೆ.

ಇತ್ತೀಚೆಗೆ ಬಸವನಗುಡಿಯ ಒಂದು ಮನೆಯ ಮಹಡಿಯಲ್ಲಿ ಹತ್ತಿಪ್ಪತ್ತು ಜನ ಚಾಪೆ ಹಾಸಿಕೊಂಡು ಕೂತಿದ್ದೆವು. ಮಂಗಳೂರು ಕಡೆಯ ಹುಡುಗಿಯೊಬ್ಬಳು ಬೀಡಿ ಕಟ್ಟುತ್ತಿದ್ದ ತನ್ನ ಅಜ್ಜಿಯ ಮೇಲೆ ಬರೆದ ಪದ್ಯ ಓದಿದಳು. ಎಲೆ ನೆನೆಸುವುದು, ಕತ್ತರಿಸುವುದು, ನೂಲು ಸುತ್ತುವುದು, ಬೀಡಿ ತೆಗೆದುಕೊಳ್ಳುವ ಬ್ರಾಂಚಿಗೆ ಒಯ್ಯುವುದು, ಅಲ್ಲಿ ಲೆಕ್ಕ ಮಾಡುವವರು ಸರಿಯಿಲ್ಲ ಅಂತ ಒಂದಿಷ್ಟು ಬೀಡಿ ಪಕ್ಕಕ್ಕೆ ಹಾಕುವುದು. ಓದಿ ಮುಗಿಸಿದಾಗ ಹಿಂದೆ ಕೂತಿದ್ದ ಹಿರಿಯರೊಬ್ಬರು “ನೂಲಿನ ಸಾಲು ಇನ್ನೊಂದ್ಸಲ ಓದಮ್ಮ” ಅಂದರು. ಆಕೆ ಇಡೀ ಪದ್ಯವನ್ನೇ ಮತ್ತೆ ಓದಿದಳು, ನಿಧಾನವಾಗಿ. ಪಕ್ಕಕ್ಕೆ ಹಾಕಿದ ಆ ಬೀಡಿಗಳೇ ಪದ್ಯದ ಜೀವ ಅನ್ನುವುದು ನನಗೆ ತಿಳಿದದ್ದು ಎರಡನೇ ಸಲ ಕೇಳಿದಾಗ. ಆಮೇಲೆ ಒಬ್ಬ ಹುಡುಗ ಒಂದು ಕುರ್ಚಿ ಇಟ್ಟುಕೊಂಡು ಅರ್ಧ ಗಂಟೆಯ ಏಕವ್ಯಕ್ತಿ ನಾಟಕ ಮಾಡಿದ. ಅದೂ ಚೆನ್ನಾಗಿತ್ತು.

ಇದು ನನಗೆ ಗೊತ್ತಾಗಿದ್ದು ಗೆಳತಿಯ ವಾಟ್ಸಾಪ್ ಸ್ಟೇಟಸ್ ಕಣ್ಣಿಗೆ ಬಿದ್ದಿದ್ದರಿಂದ. ಅದನ್ನು ನಡೆಸುವ ಬಳಗದವರ ನಂಬರ್ ಇಲ್ಲದವರಿಗೆ ಗೊತ್ತಾಗುವ ದಾರಿಯೇ ಇಲ್ಲ, ಅಲ್ವಾ? ನನ್ನ ಬೇಸರ ಇಷ್ಟೇ.

ಸಣ್ಣ ಕೋಣೆಯಲ್ಲಿ ಕೂತು ಕಾವ್ಯ ಕೇಳುವುದು ನಮಗೇನು ಹೊಸದಲ್ಲ. ಗಮಕದಲ್ಲಿ ಒಬ್ಬರು ಕುಮಾರವ್ಯಾಸ ಭಾರತ ಹಾಡುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಮನೆಯ ಪಡಸಾಲೆ ಸಾಕು, ಮೈಕೂ ಬೇಡ. ನಾಟಕದ ವಿಷಯಕ್ಕೆ ಬಂದರೆ, ಜೆ.ಪಿ. ನಗರದಲ್ಲಿ 2004ರಲ್ಲಿ ರಂಗಶಂಕರ ರಂಗಮಂದಿರ ಶುರುವಾದ ಮೇಲೆ ಈ ಊರಿನ ಎಷ್ಟೋ ಜನರಿಗೆ ನಾಟಕ ನೋಡುವ ರೂಢಿ ಬಂತು. ಸೋಮವಾರ ಬಿಟ್ಟು ಉಳಿದ ದಿನ ಸಂಜೆ ಹೋದರೆ ಏನಾದರೂ ಇದ್ದೇ ಇರುತ್ತದೆ ಅನ್ನುವ ನಂಬಿಕೆಯೇ ಅದಕ್ಕೆ ಕಾರಣ ಅಂತ ನನ್ನ ಅನಿಸಿಕೆ. ಮಹಡಿ, ಗ್ಯಾರೇಜು, ಪುಸ್ತಕದಂಗಡಿಯ ಮೂಲೆಗಳಲ್ಲಿ ಓದುವವರಿಗೆ ಇಂಥ ವಾರವೂ ಇಲ್ಲ, ವೇಳೆಯೂ ಇಲ್ಲ, ಜಾಗ ಸಿಕ್ಕ ದಿನ ಮಾಡುತ್ತಾರೆ. ಆದ್ದರಿಂದಲೇ ಪತ್ರಿಕೆಯ ನಾಲ್ಕು ಸಾಲು ಅವರಿಗೆ ಹೆಚ್ಚು ಬೇಕು.

ಜಾಗದ್ದೂ ಒಂದು ಮಾತು. ಆಸ್ತಿ ತೆರಿಗೆಯ ಜೊತೆ ನಾವು ಶೇ 6ರಷ್ಟು ಗ್ರಂಥಾಲಯ ಸೆಸ್ ಕಟ್ಟುತ್ತೇವೆ. ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ತಿಂಗಳಿಗೊಂದು ಸಂಜೆ ಹೊಸ ಕವಿಗಳಿಗೆ ಕೊಟ್ಟರೆ ಬಾಡಿಗೆಯ ಚಿಂತೆ ತಪ್ಪುತ್ತದೆ. ಇದನ್ನು ಸಂಬಂಧಪಟ್ಟವರ ಗಮನಕ್ಕೆ ನೀವೇ ತರಬೇಕು.

ಮುಖ್ಯ ಅತಿಥಿಗಳ ಹೆಸರು ಇರಲಿ, ಬೇಡ ಅನ್ನುವುದಿಲ್ಲ. ಆದರೆ ಓದುವವರ ಹೆಸರು ಮೊದಲು ಬರಲಿ, ಟಿಕೆಟ್ ಇದೆಯೋ ಇಲ್ಲವೋ, ಹತ್ತಿರದ ಬಸ್ ಸ್ಟಾಪ್ ಯಾವುದು ಅಂತಲೂ ಇರಲಿ. ಭಾನುವಾರದ ಪುರವಣಿಯಲ್ಲಿ ಹೊಸಬರ ಪದ್ಯ ಹಾಕಿದಾಗ, ಆ ಕವಿ ಮುಂದೆ ಎಲ್ಲಿ, ಯಾವಾಗ ಓದುತ್ತಾರೆ ಅಂತ ಕೆಳಗೆ ಒಂದು ಸಾಲು ಸೇರಿಸಿ.

ನಿಮ್ಮ ಓದುಗಾರ್ತಿ,
ಹನುಮಂತನಗರ, ಬೆಂಗಳೂರು