ತೂಕ ನಿಂತಬಿಟ್ಟದ ಅಂದ ಅಕ್ಕಗ

ಲೀಡ್ಸ್, ಇಂಗ್ಲೆಂಡ್

ಅಕ್ಕಾ,

ತೂಕ ಇಳಸಾಕ ಹೊಟ್ಟಿಚೀಲದ ಆಪರೇಶನ್ ಆಗಿ ಐದು ತಿಂಗಳಾತು, ಮೂರು ವಾರದಿಂದ ಕಾಟಾ ಅಲ್ಲಾಡವಲ್ದು ಅಂತ ಬರದೀ. ನಡುವ ಎರಡು-ಮೂರು ವಾರ ಹಂಗ ನಿಲ್ಲೋದು ಬಹಳ ಮಂದಿಗೆ ಆಗತದ, ಹೆದರಬ್ಯಾಡ. ಬಾಗಲಕೋಟಿ ವೈನಿ ಕೂಡ ಹೋಲಿಸಿಕೊಳ್ಳೋದು ಬಿಡು. ಅವರದು ಬೈಪಾಸ್, ಅಂದ್ರ ಹೊಟ್ಟಿಚೀಲ ಸಣ್ಣ ಮಾಡಿ ಸಣ್ಣ ಕರುಳಿಗೆ ಬ್ಯಾರೆ ದಾರಿ ಜೋಡಿಸೋದು; ನಿನ್ನದು ಸ್ಲೀವ್, ಅಂದ್ರ ಹೊಟ್ಟಿಚೀಲದ ದೊಡ್ಡ ಭಾಗ ಕೊಯ್ದು ತಗಿಯೋದು. ಬೈಪಾಸಿನಾಗ ಸರಾಸರಿ ತುಸು ಹೆಚ್ಚ ಇಳೀತದ. ಅದರ ಮ್ಯಾಲ ನಿನಗ ಸಕ್ಕರಿ ಕಾಯಿಲೆ. ಅಂಥವರಿಗೆ ಇಳಿಯೋದು ಸಾವಕಾಶ. ಸ್ಲೀವ್ ಆದವರು ವರ್ಷ-ಒಂದೂವರೆ ವರ್ಷದಾಗ ಸಾಧಾರಣ ಮೊದಲಿನ ತೂಕದ ಕಾಲು ಭಾಗ ಇಳೀತಾರ. ನಿನ್ನ 112 ಕಿಲೋಕ್ಕ ಅದು 28 ಕಿಲೋ.

ನನಗ ಚಿಂತಿ ಹಚ್ಚಿದ್ದು ಸಂಜೀ ಚುರಮುರಿ, ನಾಲ್ಕು ಸಲದ ಚಹಾ. ಹೊಟ್ಟಿಚೀಲದ ಮುಕ್ಕಾಲಕ್ಕಿಂತ ಹೆಚ್ಚು ತಗದಾರ, ಹಸಿವು ಹುಟ್ಟಸೋ ಗ್ರೆಲಿನ್ ಅನ್ನೋ ಹಾರ್ಮೋನ್ ಹೆಚ್ಚಾಗಿ ತಯಾರಾಗೋ ಮ್ಯಾಲಿನ ಭಾಗನೂ ಅದರಾಗ ಹೋಗೇದ. ಆದರ ಉಳಿದ ಸಣ್ಣ ಚೀಲ ತಡಿಯೋದು ಗಟ್ಟಿ ಊಟ ಅಷ್ಟ. ಚುರಮುರಿ ಬಾಯಾಗ ಕರಗಿ ಜಾರತದ, ಕುಂದಾನೂ ಹಂಗ. ಪ್ಲೇಟ್ ಖಾಲಿಯಾದರೂ ಹೊಟ್ಟಿ ತುಂಬೂದಿಲ್ಲ. ಚಹಾಕ್ಕ ಎರಡೆರಡು ಚಮಚ ಸಕ್ಕರಿ ಅಂದ್ರ ದಿನಕ್ಕ ಎಂಟು ಚಮಚ, ಸುಮಾರು 160 ಕ್ಯಾಲೊರಿ, ನೀರಿನಂಗ ಇಳದಹೋಗತದ. ಊಟದ ನಡುವ ನೀರು ಕುಡಿದರೂ ಅನ್ನ ಲಗೂನ ಕೆಳಗ ಜಾರತದ; ಅರ್ಧ ತಾಸು ಬಿಟ್ಟು ಕುಡಿ.

ತಾಟಿನಾಗ ಮೊದಲು ಮಡಕಿಕಾಳಿನ ಪಲ್ಯ, ಪನೀರ್, ರೊಟ್ಟಿ ಕಡೀಕ. ದಿನಕ್ಕ 60 ಗ್ರಾಂ ಪ್ರೋಟೀನ್ ಬೇಕ ಬೇಕು: 100 ಗ್ರಾಂ ಪನೀರಿನಾಗ 18, ಅರ್ಧ ಲೀಟರ್ ಹಾಲಿನಾಗ 16, ಉಳಿದದ್ದು ಕಾಳು, ಬ್ಯಾಳಿ, ಪ್ರೋಟೀನ್ ಪುಡಿಯಿಂದ. ಕಡಿಮಿ ಬಿದ್ದರ ಕೊಬ್ಬಿನ ಜೋಡಿ ಸ್ನಾಯುನೂ ಕರಗತದ, ಆಮ್ಯಾಲ ಕುಂತಲ್ಲಿ ಖರ್ಚಾಗೋ ಕ್ಯಾಲೊರಿ ಕಮ್ಮಿ ಆಗಿ ತೂಕ ಇಳಿಯವಲ್ದು. ಅದಕ್ಕ ಬರೇ ನಡದರ ಸಾಲದು; ಕುರ್ಚಿಯಿಂದ ಕೈ ಊರದ ಎದ್ದು ಕುಂಡ್ರೋದು ದಿನಾ ಹತ್ತು-ಹತ್ತು ಸಲ ಮೂರು ಸುತ್ತು ಮಾಡು.

ಇನ್ಸುಲಿನ್ ಡೋಸ್ ಹಳೇದ ಅದ ಏನು? ಊಟ ಕಮ್ಮಿಯಾದಾಗ ಡೋಸ್ ಇಳಸದಿದ್ದರ ಶುಗರ್ ಬಿದ್ದು ನಡುಗು ಬರತದ, ಅದನ್ನ ತಡಿಯಾಕ ಸಿಹಿ ತಿನ್ನಬೇಕಾಗತದ, ತೂಕ ಅಲ್ಲೇ ನಿಲ್ಲತದ. ನೀನಾಗಿ ಬಿಡಬ್ಯಾಡ, ರೀಡಿಂಗ್ ಬರದುಕೊಂಡು ಡಾಕ್ಟರ್‌ಗ ತೋರಸು. ಕಬ್ಬಿಣದ ಗುಳಿಗಿ ಚಹಾದ ಜೋಡಿ ಬ್ಯಾಡ, ಕ್ಯಾಲ್ಸಿಯಂಗೂ ಅದಕ್ಕೂ ಎರಡು ತಾಸು ಅಂತರ ಇಡು.

ವಾಂತಿ ಎರಡು ದಿನ ನಿಲ್ಲದಿದ್ದರ, ಕಾಲು ಜೋಮು ಹಿಡಿದರ, ಒಂದ ವಸ್ತು ಕಣ್ಣಿಗೆ ಎರಡೆರಡು ಕಂಡರ, ಅವತ್ತ ದವಾಖಾನಿಗೆ ಹೋಗು. ವಾಂತಿ ನಿಲ್ಲದಿದ್ದರ ಬಿ1 ಜೀವಸತ್ವ ಕಮ್ಮಿಯಾಗಿ ನರಕ್ಕ ಪೆಟ್ಟು ಬೀಳಬಹುದು.

ಮೂರು ದಿನ ಬಾಯಿಗೆ ಹಾಕಿದ್ದೆಲ್ಲಾ, ಚಹಾದ ಸಕ್ಕರಿ ಸಮೇತ, ಬರದು ವಾಟ್ಸಾಪ್ ಮಾಡು. ಅವ್ವಗ, ಮಾಮಾಗ ನಮಸ್ಕಾರ.

ನಿನ್ನ ತಂಗಿ