ಆ ರಾತ್ರಿ ಕೇಳದೆ ಬಿಟ್ಟ ಪ್ರಶ್ನೆಗಳು

ಗೆಳೆಯಾ,

ಮೊನ್ನೆ ಫೋನಿನಲ್ಲಿ ನಮ್ಮ ಮಾತು ಅರ್ಧಕ್ಕೇ ನಿಂತಿತು. ಅಮೆರಿಕದ ಟ್ರೇವಾನ್ ಮಾರ್ಟಿನ್ ಅನ್ನೋ ಹುಡುಗನ ಸಾವಿನ ವಿಷಯ ಎತ್ತಿದ್ದಕ್ಕೆ "ತೀರ್ಪು ಬಂದು ಮುಗಿದ ಕೇಸು, ಮತ್ತೆ ಯಾಕೆ ಕೆದಕ್ತೀಯ" ಅಂದೆ ನೀನು. ನಾನು ಹೇಳಲು ಹೊರಟಿದ್ದು ತೀರ್ಪಿನ ವಿಷಯ ಅಲ್ಲ ಕಣೋ. ಗುಂಡು ಹಾರಿದ ಮೇಲೆ ಪೊಲೀಸರು ಏನು ಮಾಡಿದರು, ಏನು ಮಾಡಲಿಲ್ಲ ಅನ್ನೋದು.

2012ರ ಫೆಬ್ರವರಿ 26, ಫ್ಲಾರಿಡಾದ ಸ್ಯಾನ್‌ಫರ್ಡ್, ಮಳೆ ಹನಿಯುತ್ತಿದ್ದ ಸಂಜೆ. 17 ವರ್ಷದ ಟ್ರೇವಾನ್ ಮಾರ್ಟಿನ್ ಅಂಗಡಿಯಿಂದ ಒಂದು ಪೊಟ್ಟಣ ಸ್ಕಿಟಲ್ಸ್ ಮಿಠಾಯಿ, ಒಂದು ಕ್ಯಾನ್ ಜ್ಯೂಸ್ ತೆಗೆದುಕೊಂಡು ವಾಪಸ್ ಬರುತ್ತಿದ್ದ. ಬಡಾವಣೆಯ ಕಾವಲು ನೋಡಿಕೊಳ್ಳುತ್ತಿದ್ದ ಜಾರ್ಜ್ ಝಿಮ್ಮರ್‌ಮನ್ ಅವನನ್ನು ಕಂಡು ಅನುಮಾನಪಟ್ಟು ಪೊಲೀಸರಿಗೆ ಫೋನ್ ಮಾಡಿದ, ಮಾತಾಡುತ್ತಲೇ ಹಿಂದೆ ಹೊರಟ. ನೀವು ಹಾಗೆ ಮಾಡಬೇಕಾಗಿಲ್ಲ ಅಂತ ಆ ಕಡೆಯವರು ಹೇಳಿದ್ದು ರೆಕಾರ್ಡ್ ಆಗಿದೆ. ಆಮೇಲೆ ಇಬ್ಬರಿಗೂ ಹೊಡೆದಾಟ, ಝಿಮ್ಮರ್‌ಮನ್ ಹಾರಿಸಿದ ಒಂದು ಗುಂಡು, ಹುಡುಗ ಸತ್ತ. ಝಿಮ್ಮರ್‌ಮನ್ ಮೂಗಿಗೆ, ತಲೆಯ ಹಿಂಭಾಗಕ್ಕೆ ಪೆಟ್ಟಾಗಿತ್ತು, ಅದು ನಿಜ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಠಾಣೆಯಲ್ಲಿ ಸುಮಾರು ಐದು ಗಂಟೆ ವಿಚಾರಣೆ ಮಾಡಿ, ಅದೇ ರಾತ್ರಿ ಬಿಟ್ಟು ಕಳಿಸಿದರು.

ಕಾನೂನೇ ಹಾಗಿತ್ತು ಅಂತೀಯ ನೀನು. ಅರ್ಧ ಒಪ್ಪುತ್ತೇನೆ. ಫ್ಲಾರಿಡಾದ 2005ರ 'ಸ್ಟ್ಯಾಂಡ್ ಯುವರ್ ಗ್ರೌಂಡ್' ಕಾನೂನಿನ ಪ್ರಕಾರ ಪ್ರಾಣಭಯ ಇದ್ದವನು ಹಿಂದೆ ಸರಿಯಬೇಕಿಲ್ಲ. ಗುಂಡು ಹಾರಿಸಿದ್ದು ತಪ್ಪು ಅನ್ನೋಕೆ ಸರಿಯಾದ ಕಾರಣ ಸಿಗದೆ ಪೊಲೀಸರು ಅವನನ್ನು ಬಂಧಿಸುವ ಹಾಗೂ ಇಲ್ಲ. ಆದರೆ ಕಾನೂನು ತಡೆದದ್ದು ಬಂಧನವನ್ನು, ವಿಚಾರಿಸುವುದನ್ನಲ್ಲ, ಅಲ್ವಾ? ಒಬ್ಬ ಬದುಕಿದ್ದ, ತನ್ನ ಕಥೆ ಹೇಳಿದ. ಇನ್ನೊಬ್ಬನ ಕಥೆ ಹೇಳೋರು ಯಾರು? ಅದನ್ನು ಹುಡುಕಿ ತರಬೇಕಾದವರು ಪೊಲೀಸರೇ.

ಸಾಯೋಕೆ ಸ್ವಲ್ಪ ಮುಂಚಿನವರೆಗೂ ಆ ಹುಡುಗ ಗೆಳತಿಯ ಜೊತೆ ಫೋನಿನಲ್ಲಿದ್ದ. ಆಕೆ ಯಾರು ಅಂತ ಫೋನ್ ದಾಖಲೆ ನೋಡಿ ಪತ್ತೆ ಮಾಡಿದ್ದು ಅವನ ಅಪ್ಪ, ಅದೂ ಮಾರ್ಚ್‌ನಲ್ಲಿ. ಮದ್ಯ, ಮಾದಕ ವಸ್ತು ಇದೆಯಾ ಅಂತ ಸತ್ತವನ ರಕ್ತ ಪರೀಕ್ಷೆ ಆಯಿತು, ಗುಂಡು ಹಾರಿಸಿದವನದು ಆಗಲಿಲ್ಲ. ಆ ಹುಡುಗ ಉಳಿದುಕೊಂಡಿದ್ದ ಮನೆ ಅದೇ ಬಡಾವಣೆಯೊಳಗೇ ಇತ್ತು. ಆದರೂ ಮಗ ಕಾಣುತ್ತಿಲ್ಲ ಅಂತ ಮರುದಿನ ಬೆಳಿಗ್ಗೆ ಅಪ್ಪ ತಾನೇ ಫೋನ್ ಮಾಡುವವರೆಗೂ ಹೆಣಕ್ಕೆ ಹೆಸರಿರಲಿಲ್ಲ. ಇದನ್ನು ಯೋಚಿಸಿದಾಗೆಲ್ಲ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಜನ ಬೀದಿಗಿಳಿದರು. ವಿಶೇಷ ಪ್ರಾಸಿಕ್ಯೂಟರ್ ಬಂದು ಏಪ್ರಿಲ್ 11ಕ್ಕೆ ಕೊಲೆ ಆರೋಪ ಹೊರಿಸಿದರು, ಜೂನ್‌ನಲ್ಲಿ ಪೊಲೀಸ್ ಮುಖ್ಯಸ್ಥ ಬಿಲ್ ಲೀ ಕೆಲಸ ಹೋಯಿತು. 2013ರ ಜುಲೈ 13ರಂದು ಆರು ಹೆಂಗಸರ ಜ್ಯೂರಿ ಝಿಮ್ಮರ್‌ಮನ್ ನಿರ್ದೋಷಿ ಎಂದಿತು. ಪೊಲೀಸರು ಮಾಡಿದ್ದೇ ಸರಿ ಅನ್ನೋಕೆ ನೀನು ಈ ತೀರ್ಪನ್ನೇ ತೋರಿಸುತ್ತೀಯ. ಜ್ಯೂರಿ ನೋಡಿದ್ದು ತನ್ನ ಮುಂದೆ ಬಂದ ಸಾಕ್ಷ್ಯವನ್ನು ಕಣೋ. ಮೊದಲ ರಾತ್ರಿಯೇ ಎಲ್ಲ ಕಡೆ ವಿಚಾರಿಸಿದ್ದರೂ ಇದೇ ತೀರ್ಪು ಬರುತ್ತಿತ್ತೇನೋ, ಆದರೆ ಆಗ ಆ ತಾಯಿಗೆ ನನ್ನ ಮಗನ ಪರವಾಗಿಯೂ ಯಾರೋ ಕೇಳಿದರು ಅನ್ನೋದಾದರೂ ಉಳಿಯುತ್ತಿತ್ತು.

ಅಕ್ಕಪಕ್ಕದವರು ಅಲ್ಲಿನ ತುರ್ತು ನಂಬರ್ 911ಕ್ಕೆ ಮಾಡಿದ ಕರೆಯೊಂದರಲ್ಲಿ ಹಿಂದೆ ಯಾರೋ ಕಿರುಚುವುದು ಕೇಳಿಸುತ್ತದೆ. ಅದು ನನ್ನ ಮಗನ ದನಿ ಅಂತ ಇಬ್ಬರ ತಾಯಂದಿರೂ ಕೋರ್ಟಿನಲ್ಲಿ ಹೇಳಿದರು. ನೀನೂ ಒಮ್ಮೆ ಅದನ್ನು ಕೇಳು. ಆಮೇಲೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನವ